ಹೊರದೇಶದ ಹಣ, ಚಿತ್ತವಾಡ್ಗಿಯ ವಿಳಾಸ

ಹೊಸಪೇಟೆಯ ಚಿತ್ತವಾಡ್ಗಿಯಿಂದ ಕೊಲ್ಲಿ ದೇಶಗಳಿಗೆ ಹೋದ ಹುಡುಗರ ಗಳಿಕೆ ಮೊದಮೊದಲು ಊರು ಸೇರುತ್ತಿದ್ದದ್ದು ಅಂಚೆಯವರ ಚೀಲದಲ್ಲಿ. ರಿಜಿಸ್ಟರ್ ಲಕೋಟೆ, ಅದರೊಳಗೆ ಒಂದು ಪತ್ರ, ಪತ್ರದ ಮಡಿಕೆಯಲ್ಲಿ ಒಂದು ಡಿ.ಡಿ. ಹೆಬ್ಬೆಟ್ಟು ಒತ್ತಿ ಲಕೋಟೆ ಪಡೆದ ತಾಯಂದಿರು ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಬಂದು ನಿಂತಿರುತ್ತಿದ್ದರು. ನಾನು 1984ರಲ್ಲಿ ಹೊಸಪೇಟೆಯ ಬ್ಯಾಂಕೊಂದಕ್ಕೆ ಕ್ಲರ್ಕ್ ಆಗಿ ಸೇರಿದಾಗ ನನ್ನ ಕೌಂಟರಿನ ಮುಂದೆ ಮೊದಲು ಕಂಡ ಪರಿಚಿತ ಮುಖಗಳು ಅವರವೇ. ನಮ್ಮ ಓಣಿಯವರು, ನಮ್ಮ ಹಿಂದಿನ ಓಣಿಯವರು, ಅಪ್ಪನ ಜೊತೆ ಕೆಲಸ ಮಾಡಿದವರ ಹೆಂಡಂದಿರು.

ಅಪ್ಪ ಐಎಸ್‌ಆರ್ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವಲ್ಲಿ ಕೆಲಸಕ್ಕಿದ್ದರು. ಚಿತ್ತವಾಡ್ಗಿಯ ಬದುಕು ಆಗ ಕಾರ್ಖಾನೆಯ ಸೈರನ್ ಹೇಳಿದಂತೆ ನಡೆಯುತ್ತಿತ್ತು. ನುರಿಸುವ ಹಂಗಾಮಿನಲ್ಲಿ ಎತ್ತಿನ ಗಾಡಿಗಳ ಸಾಲು, ಸುತ್ತಲಿನ ಆಲೆಮನೆಗಳಲ್ಲಿ ಬೆಲ್ಲದ ವಾಸನೆ, ಎಲ್ಲರ ಕೈಯಲ್ಲೂ ಅಷ್ಟಿಷ್ಟು ಕಾಸು. ಹಂಗಾಮು ಮುಗಿಯಿತೆಂದರೆ ಅರ್ಧ ಓಣಿಗೆ ಕೆಲಸವಿಲ್ಲ. ಆ ಖಾಲಿ ತಿಂಗಳುಗಳೇ ಹುಡುಗರನ್ನು ಬೊಂಬಾಯಿಗೆ, ಅಲ್ಲಿಂದ ದುಬೈಗೆ, ದಮ್ಮಾಮಿಗೆ, ಕುವೈತಿಗೆ ಅಟ್ಟಿದವು. ಡ್ರೈವರ್, ವೆಲ್ಡರ್, ಟೈಲರ್, ಗೌಂಡಿ ಕೆಲಸ. ಹೋದವನೊಬ್ಬ ಇನ್ನಿಬ್ಬರನ್ನು ಕರೆಸಿಕೊಳ್ಳುತ್ತಿದ್ದ.

ಆ ಡಿ.ಡಿ.ಗಳನ್ನು ಬರೆಯುತ್ತಿದ್ದದ್ದು ಕೊಲ್ಲಿಯ ಎಕ್ಸ್‌ಚೇಂಜ್ ಕಂಪನಿಗಳು. ನಮ್ಮ ದೇಶದ ಬ್ಯಾಂಕುಗಳಲ್ಲಿ ಮುಂಗಡವಾಗಿ ರೂಪಾಯಿ ಇಟ್ಟು, ಆ ಖಾತೆಯ ಮೇಲೆ ಡ್ರಾಫ್ಟ್ ಬರೆಯುವ ಪದ್ಧತಿ ಅದು. ನಮ್ಮ ಹುಡುಗರು ಅಲ್ಲಿ ರಿಯಾಲ್, ದಿರ್ಹಮ್ ಕಟ್ಟಿದರೆ ಇಲ್ಲಿ ಪಾವತಿಯಾಗುವ ರೂಪಾಯಿ ಡ್ರಾಫ್ಟ್ ಸಿಗುತ್ತಿತ್ತು. ಆದರೆ ಎಷ್ಟೋ ಡ್ರಾಫ್ಟುಗಳ ಮೇಲೆ ಪಾವತಿಯ ಊರು ಬೊಂಬಾಯಿ ಎಂದಿರುತ್ತಿತ್ತು. ಅಂಥದ್ದನ್ನು ನಾವು ಕಲೆಕ್ಷನ್‌ಗೆ ಕಳಿಸಬೇಕು. ಅದು ಅಂಚೆಯಲ್ಲಿ ಹೋಗಬೇಕು, ಅಲ್ಲಿ ಪಾಸಾಗಬೇಕು, ಸಲಹೆ ಪತ್ರ ಹಿಂದಿರುಗಬೇಕು. ಅಷ್ಟರಲ್ಲಿ ವಾರಗಳು ಉರುಳುತ್ತಿದ್ದವು. ‘ಕಾಗದದ ಮ್ಯಾಲ ದುಡ್ಡು ಬರದೈತಲ್ರೀ, ಮತ್ತ ಯಾಕ ಕೊಡವಲ್ರಿ?’ ಎಂದು ಕೇಳಿದ ಅಜ್ಜಿಗೆ ಉತ್ತರ ಹೇಳುವುದು ಸುಲಭವಿರಲಿಲ್ಲ. ಮಗ ಕಳಿಸಿದ್ದು ನಿಜ, ಕಾಗದ ಕೈಗೆ ಬಂದದ್ದು ನಿಜ, ಆದರೂ ಮಗಳ ಹೆರಿಗೆ ಖರ್ಚಿಗೆ ಸಾಲ ಮಾಡಬೇಕಾದದ್ದೂ ನಿಜ.

ಅರ್ಜೆಂಟಿದ್ದರೆ ಟಿ.ಟಿ., ಅಂದರೆ ತಂತಿ ಮೂಲಕ ಹಣ. ಟೆಲೆಕ್ಸಿನಲ್ಲಿ ಬಂದ ಆದೇಶದ ಜೊತೆ ಒಂದು ಗುಪ್ತ ಸಂಖ್ಯೆ ಇರುತ್ತಿತ್ತು. ಮೊತ್ತ, ತಾರೀಕು, ಶಾಖೆ ಎಲ್ಲವನ್ನೂ ಕೋಷ್ಟಕದಲ್ಲಿ ನೋಡಿ ಕೂಡಿಸಿ, ಆ ಸಂಖ್ಯೆ ತಾಳೆಯಾದರೆ ಮಾತ್ರ ಆದೇಶ ಅಸಲಿ. ದೊಡ್ಡ ಶಾಖೆಗಳಲ್ಲಿ ಅದಕ್ಕೇ ಒಬ್ಬ ಅಧಿಕಾರಿ ಇರುತ್ತಿದ್ದರು. ಒಂದು ಅಂಕಿ ತಪ್ಪಿದರೂ ಮತ್ತೆ ಮೊದಲಿಂದ.

ಜಗತ್ತಿನ ಬ್ಯಾಂಕುಗಳು ಈ ತೊಡಕಿಗೆ ಆಗಲೇ ಪರಿಹಾರ ಕಂಡುಕೊಂಡಿದ್ದವು. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ಸ್ವಿಫ್ಟ್ ಎಂಬ ಸಹಕಾರಿ ಸಂಸ್ಥೆ ಕಟ್ಟಿದವು. 1977ರಲ್ಲಿ ಅದರ ಸಂದೇಶಜಾಲ ಕೆಲಸ ಶುರುಮಾಡಿತು. ಪ್ರತಿ ಬ್ಯಾಂಕಿಗೂ ಒಂದು ಗುರುತಿನ ಕೋಡ್, ಪ್ರತಿ ಸಂದೇಶಕ್ಕೂ ಒಂದೇ ನಮೂನೆ. ಭಾರತದ ಬ್ಯಾಂಕುಗಳು ಈ ಜಾಲಕ್ಕೆ ಸೇರಿದ್ದು 1991ರಲ್ಲಿ. ದೇಶದ ವಿದೇಶಿ ವಿನಿಮಯದ ಬೊಕ್ಕಸ ಬರಿದಾಗಿ, ಚಿನ್ನ ಒತ್ತೆಯಿಟ್ಟ ವರ್ಷವೂ ಅದೇ. ಆ ವರ್ಷ ನಮ್ಮ ಕೌಂಟರಿಗೆ ಬರುತ್ತಿದ್ದ ಹೆಬ್ಬೆಟ್ಟಿನ ತಾಯಂದಿರ ಮಕ್ಕಳು ಕಳಿಸುವ ರಿಯಾಲು, ದಿರ್ಹಮ್‌ಗಳು ದೇಶಕ್ಕೂ ಬೇಕಾಗಿದ್ದವು ಎಂಬುದು ನನಗೆ ಪತ್ರಿಕೆಗಳನ್ನು ಓದಿ ತಿಳಿಯಿತು. ತಿಳಿದ ಮೇಲೆ ಆ ಕ್ಯೂ ನನ್ನ ಕಣ್ಣಿಗೆ ಬೇರೆಯಾಗಿ ಕಂಡಿತು.

ಸ್ವಿಫ್ಟ್ ಕೋಡ್ ಎಂಬುದನ್ನು ನಾನು ಸರಿಯಾಗಿ ಕಲಿತದ್ದು ತೊಂಬತ್ತರ ದಶಕದ ಕೊನೆಗೆ, ಬೆಂಗಳೂರಿನ ತರಬೇತಿಯೊಂದರಲ್ಲಿ. ಕೋಡಿನಲ್ಲಿ ಎಂಟು ಅಥವಾ ಹನ್ನೊಂದು ಅಕ್ಷರಗಳು. ಮೊದಲ ನಾಲ್ಕು ಬ್ಯಾಂಕಿನ ಗುರುತು. ಮುಂದಿನ ಎರಡು ದೇಶ. ನಮ್ಮದು ಐ, ಎನ್. ಅದರ ಮುಂದಿನ ಎರಡು ಸ್ಥಳದ ಗುರುತು. ಕೊನೆಯ ಮೂರು ಶಾಖೆಯದು. ಅದು ಇಲ್ಲದಿದ್ದರೆ ಅಥವಾ ಮೂರು ಎಕ್ಸ್ ಇದ್ದರೆ ಮುಖ್ಯ ಕಚೇರಿ ಎಂದು ಅರ್ಥ. ಸ್ಟೇಟ್ ಬ್ಯಾಂಕಿನದು ಎಸ್, ಬಿ, ಐ, ಎನ್, ಆಮೇಲೆ ಐ, ಎನ್, ಆಮೇಲೆ ಬಿ, ಬಿ. ಕೆನರಾ ಬ್ಯಾಂಕಿನದು ಸಿ, ಎನ್, ಆರ್, ಬಿ ಎಂದು ಶುರುವಾಗುತ್ತದೆ. ಇಷ್ಟೇ. ಹೊರದೇಶದ ಯಾವುದೇ ಬ್ಯಾಂಕಿನ ಗುಮಾಸ್ತ ಈ ಅಕ್ಷರಗಳನ್ನು ಒತ್ತಿದರೆ ಸಂದೇಶ ತಪ್ಪದೆ ಆ ಬ್ಯಾಂಕನ್ನೇ ತಲುಪುತ್ತದೆ.

ಅಲ್ಲಿ ಕಲಿತ ಇನ್ನೊಂದು ಮಾತು ಮುಂದಿನ ವರ್ಷಗಳಲ್ಲಿ ನನಗೆ ಹೆಚ್ಚು ನೆರವಾಯಿತು. ಸ್ವಿಫ್ಟ್ ಹಣ ಸಾಗಿಸುವುದಿಲ್ಲ, ಸಂದೇಶ ಮಾತ್ರ ಸಾಗಿಸುತ್ತದೆ. ನಮ್ಮ ದೊಡ್ಡ ಬ್ಯಾಂಕುಗಳು ನ್ಯೂಯಾರ್ಕ್, ಲಂಡನ್, ದುಬೈಗಳ ಬ್ಯಾಂಕುಗಳಲ್ಲಿ ಅಲ್ಲಿನ ಕರೆನ್ಸಿಯ ಖಾತೆ ಇಟ್ಟಿರುತ್ತವೆ. ಅದನ್ನು ನಾಸ್ಟ್ರೋ ಖಾತೆ ಎನ್ನುತ್ತಾರೆ. ಮಗ ಅಲ್ಲಿ ಕಟ್ಟಿದ ಡಾಲರ್ ಆ ಖಾತೆಗೆ ಜಮೆಯಾಗುತ್ತದೆ; ‘ಇಂಥವರಿಗೆ ಇಷ್ಟು ಕೊಡಿ’ ಎಂಬ ಸಂದೇಶ ಇಲ್ಲಿಗೆ ಬರುತ್ತದೆ; ಇಲ್ಲಿನ ಬ್ಯಾಂಕು ಆ ದಿನದ ದರದಲ್ಲಿ ರೂಪಾಯಿ ಕೊಡುತ್ತದೆ. ಕಳಿಸುವ ಬ್ಯಾಂಕಿಗೂ ಪಡೆಯುವ ಬ್ಯಾಂಕಿಗೂ ನೇರ ಖಾತೆ ಇಲ್ಲದಿದ್ದರೆ ನಡುವೆ ಇನ್ನೊಂದು ಬ್ಯಾಂಕು, ಕೆಲವೊಮ್ಮೆ ಎರಡು.

ಊರಿಗೆ ಮರಳಿದ ಮೇಲೆ ಇದನ್ನೆಲ್ಲ ಜನರಿಗೆ ಹೇಳಬೇಕಾದ ಕೆಲಸ ನನ್ನ ಪಾಲಿಗೆ ಬಂತು. ಶಾಖೆಯಲ್ಲಿ ಹತ್ತರಿಂದ ಐದು. ಮನೆಯಲ್ಲಿ ಬೆಳಿಗ್ಗೆ, ಸಂಜೆ. ದಮ್ಮಾಮಿನಲ್ಲಿ ಮಗನಿದ್ದ ಒಬ್ಬ ತಾಯಿ ನಮ್ಮ ಕಟ್ಟೆಯ ಮೇಲೆ ಕುಳಿತು ಕೇಳಿದ್ದರು. ‘ಅಕ್ಕಾರೆ, ನಮ್ಮ ಬ್ರಾಂಚಿಂದು ಸ್ವಿಫ್ಟ್ ಕೋಡ್ ಕೇಳಾಕತ್ತಾನ್ರಿ ನಮ್ಮ ಹುಡುಗ. ಒಂದ್ ಚೀಟಿ ಬರಕೊಡ್ರಿ.’

‘ನಮ್ಮ ಬ್ರಾಂಚಿಗೆ ಬ್ಯಾರೆ ಕೋಡ್ ಇಲ್ಲವ್ವ.’

‘ಹಂಗಾರ ರೊಕ್ಕ ಬರಂಗಿಲ್ಲೇನ್ರಿ?’

ಆ ಮುಖದ ಗಾಬರಿ ನನಗೆ ಇಂದಿಗೂ ನೆನಪಿದೆ. ಕೋಡ್ ಇಲ್ಲದ್ದು ನಮ್ಮ ಊರಿನ ಕೊರತೆಯಲ್ಲ. ವಿದೇಶಿ ವಿನಿಮಯ ನಡೆಸಲು ಎಲ್ಲ ಶಾಖೆಗಳಿಗೂ ಅಧಿಕಾರ ಇರುವುದಿಲ್ಲ. ಸ್ವಂತ ನಾಸ್ಟ್ರೋ ಖಾತೆಗಳನ್ನು ನೋಡಿಕೊಳ್ಳುವ ದೊಡ್ಡ ಶಾಖೆಗಳು ಒಂದು ವರ್ಗ. ಆ ಖಾತೆಗಳ ಮೂಲಕ ವ್ಯವಹರಿಸಬಹುದಾದ ಶಾಖೆಗಳು ಇನ್ನೊಂದು. ಉಳಿದವು ಇವೆರಡರ ಮೂಲಕವೇ ಕೆಲಸ ನಡೆಸಬೇಕು. ಅದನ್ನು ಆ ತಾಯಿಗೆ ಹೇಳಲು ನಾನು ನಮ್ಮ ಕಾಲುವೆಯನ್ನೇ ತೋರಿಸಿದೆ. ಬಸವಣ್ಣ ಕಾಲುವೆ ಪ್ರತಿ ಗದ್ದೆಯ ಬದುವಿಗೂ ಬರುವುದಿಲ್ಲ. ಕಾಲುವೆಯಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ, ಅಲ್ಲಿಂದ ನಿಮ್ಮ ಗದ್ದೆಗೆ. ಸ್ವಿಫ್ಟ್ ಕೋಡ್ ಕಾಲುವೆಯ ಹೆಸರು ಹೇಳುತ್ತದೆ, ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ಯಾವ ತೂಬು ಎಂದು ಹೇಳುತ್ತದೆ, ಖಾತೆ ನಂಬರ್ ನಿಮ್ಮ ಗದ್ದೆ. ಮೂರೂ ಬರೆದರೆ ನೀರು ದಾರಿ ತಪ್ಪುವುದಿಲ್ಲ. ಆಕೆ ಅಲ್ಲಿಯೇ ತಲೆಯಾಡಿಸಿ, ‘ತೂಬಿನ ಮುಂದ ಯಾರ್ದಾರ ಕೈ ಇರತೈತಿ ನೋಡ್ರಿ’ ಎಂದರು. ನಡುವಿನ ಬ್ಯಾಂಕುಗಳು ಹಿಡಿದುಕೊಳ್ಳುವ ಶುಲ್ಕವನ್ನು ನಾನಿನ್ನೂ ಹೇಳಿರಲೇ ಇಲ್ಲ.

ಆ ಶುಲ್ಕದ್ದು ಒಂದು ದೊಡ್ಡ ಕಥೆ. ಮಗ ಫೋನಿನಲ್ಲಿ ಐನೂರು ಡಾಲರ್ ಎಂದಿರುತ್ತಾನೆ, ಖಾತೆಗೆ ಬರುವಾಗ ಇಪ್ಪತ್ತು ಮೂವತ್ತು ಡಾಲರ್ ಕಡಿಮೆ. ಮನೆಯಲ್ಲಿ ಅನುಮಾನ ಶುರು. ಬ್ಯಾಂಕಿನವರು ತಿಂದರೇ, ಮಗ ಸುಳ್ಳು ಹೇಳಿದನೇ, ಸೊಸೆಯ ಖಾತೆಗೆ ಬೇರೆ ಹೋಯಿತೇ? ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಈ ಕಾರಣಕ್ಕೆ ಮಾತು ಬಿಟ್ಟದ್ದನ್ನು ನಾನು ಬಲ್ಲೆ. ಅಲ್ಲಿ ಫಾರ್ಮ್ ತುಂಬುವಾಗ ಶುಲ್ಕದ ಜಾಗದಲ್ಲಿ ಮೂರು ಆಯ್ಕೆಗಳಿರುತ್ತವೆ. ‘ಅವರ್’ ಎಂದರೆ ಎಲ್ಲ ಖರ್ಚು ಕಳಿಸುವವನದು. ‘ಶಾ’ ಎಂದರೆ ಹಂಚಿಕೊಳ್ಳುವುದು. ‘ಬೆನ್’ ಎಂದರೆ ಪಡೆಯುವವರ ತಲೆಗೆ. ದಿನಕ್ಕೆ ಹನ್ನೆರಡು ತಾಸು ಬಿಸಿಲಲ್ಲಿ ದುಡಿದು ಬಂದ ಹುಡುಗ ಆ ಮೂರಕ್ಷರವನ್ನು ಗಮನಿಸದೆ ಸಹಿ ಹಾಕುತ್ತಾನೆ. ಅದರ ಅರ್ಥವನ್ನು ಅವನಿಗೆ ಅವನ ಭಾಷೆಯಲ್ಲಿ ಯಾರೂ ಹೇಳಿರುವುದಿಲ್ಲ. ಸಂದೇಶದ ಪ್ರತಿಯನ್ನು ತರಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಕಡಿತವಾಗಿದೆ ಎಂದು ಬೆರಳಿಟ್ಟು ತೋರಿಸಿದ ಮೇಲೆ ಆ ಅಣ್ಣತಮ್ಮಂದಿರ ನಡುವೆ ಮತ್ತೆ ಮಾತು ಶುರುವಾಯಿತು.

2005ರ ಕೊನೆಗೆ ದೇಶದೊಳಗೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ಪದ್ಧತಿ ಬಂದ ಮೇಲೆ ಐಎಫ್‌ಎಸ್‌ಸಿ ಎಂಬ ಹೆಸರು ಎಲ್ಲರ ಬಾಯಲ್ಲಿ ಓಡಾಡತೊಡಗಿತು. ಜೊತೆಗೇ ಹೊಸ ಗೊಂದಲ. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ, ಪೂರ್ಣ ಸ್ವಿಫ್ಟ್ ಕೋಡಿನಲ್ಲೂ ಹನ್ನೊಂದು. ಅನೇಕ ಬ್ಯಾಂಕುಗಳಲ್ಲಿ ಎರಡರ ಮೊದಲ ನಾಲ್ಕು ಅಕ್ಷರಗಳೂ ಒಂದೇ. ಹುಡುಗರು ಒಂದರ ಜಾಗದಲ್ಲಿ ಇನ್ನೊಂದು ಬರೆದು ಕಳಿಸುತ್ತಿದ್ದರು. ನಾನು ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಒಂದು ಗುರುತು ಹೇಳಿಕೊಟ್ಟೆ. ಐದನೆಯದನ್ನು ನೋಡಿ. ಸೊನ್ನೆ ಇದ್ದರೆ ಅದು ದೇಶದೊಳಗಿನ ಕೋಡ್. ಐದು ಮತ್ತು ಆರನೆಯ ಜಾಗದಲ್ಲಿ ಐ, ಎನ್ ಇದ್ದರೆ ಹೊರದೇಶದಿಂದ ಬರುವ ಹಣಕ್ಕೆ ಬೇಕಾದ ಕೋಡ್. ಓದು ಬಾರದವರೂ ಸೊನ್ನೆಯನ್ನು ಗುರುತಿಸುತ್ತಾರೆ. ಆಮೇಲೆ ಈ ತಪ್ಪು ನಮ್ಮ ಓಣಿಯಲ್ಲಿ ತೀರ ಕಡಿಮೆಯಾಯಿತು.

ಕೊಲ್ಲಿಯ ದೇಶಗಳಲ್ಲಿ ಐಬ್ಯಾನ್ ಎಂಬ ಇನ್ನೊಂದು ಸಂಖ್ಯೆ ಇದೆ. ಸೌದಿಯದು 24 ಅಕ್ಷರ, ಎಮಿರೇಟ್ಸಿನದು 23. ಅಲ್ಲಿ ಖಾತೆ ಇದ್ದವರಿಗೆ ಅದು ಅಭ್ಯಾಸ, ಹಾಗಾಗಿ ಊರಿಗೆ ಫೋನ್ ಮಾಡಿ ‘ಅಮ್ಮಾ, ನಿನ್ನ ಐಬ್ಯಾನ್ ಕೇಳು’ ಎನ್ನುತ್ತಿದ್ದರು. ಭಾರತದಲ್ಲಿ ಐಬ್ಯಾನ್ ಪದ್ಧತಿಯೇ ಇಲ್ಲ. ಇಲ್ಲದ್ದನ್ನು ಹುಡುಕಿ ಶಾಖೆಯಿಂದ ಶಾಖೆಗೆ ಅಲೆದವರನ್ನು ಕೂರಿಸಿ, ಇದು ನಮ್ಮ ದೇಶದಲ್ಲಿಲ್ಲ, ಖಾತೆ ನಂಬರ್ ಮತ್ತು ಸ್ವಿಫ್ಟ್ ಕೋಡ್ ಸಾಕು ಎಂದು ಹೇಳಿ ಕಳಿಸುವುದೇ ಒಂದು ಕೆಲಸವಾಗಿತ್ತು.

ಇವೆಲ್ಲಕ್ಕಿಂತ ಹೆಚ್ಚು ಕಷ್ಟ ಕೊಟ್ಟದ್ದು ಹೆಸರುಗಳು. ನಮ್ಮ ಸೀಮೆಯ ಪಂಪಾಪತಿಯನ್ನು ಇಂಗ್ಲಿಷಿನಲ್ಲಿ ಎಚ್ ಹಾಕಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಎರ್ರಿಸ್ವಾಮಿ ಕೆಲವರ ದಾಖಲೆಯಲ್ಲಿ ಇ ಅಕ್ಷರದಿಂದ, ಕೆಲವರದರಲ್ಲಿ ವೈ ಅಕ್ಷರದಿಂದ ಶುರುವಾಗುತ್ತಾನೆ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿರುತ್ತದೆ, ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ. ಮಗನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ತುಂಬಲು ಊರಿನ ಹೆಸರೇ ಬಂದಿರುತ್ತದೆ. ಊರಾದರೂ ಒಂದೇ ರೀತಿ ಇದೆಯೇ? 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ನಮ್ಮ ಊರು ಹೊಸಪೇಟೆ, ಜಿಲ್ಲೆ ಬಳ್ಳಾರಿ ಎಂದಾದವು. 2021ರಲ್ಲಿ ಜಿಲ್ಲೆಯೇ ವಿಜಯನಗರವಾಯಿತು. ನಮಗೆ ಹೆಮ್ಮೆಯ ಸಂಗತಿ. ಆದರೆ ಹೊರದೇಶದ ಬ್ಯಾಂಕಿನ ಕಂಪ್ಯೂಟರಿಗೆ ಹಳೆಯ ಹಾಸ್ಪೆಟ್ ಬೇರೆ ಊರು, ಹೊಸಪೇಟೆ ಬೇರೆ ಊರು.

ಆಸ್ಪತ್ರೆಯಲ್ಲಿದ್ದ ತಂದೆಗಾಗಿ ಮಗ ಕಳಿಸಿದ ಹಣವೊಂದು ಹೆಸರಿನ ಒಂದು ಅಕ್ಷರಕ್ಕಾಗಿ ದಿನಗಟ್ಟಲೆ ತಡೆದು ನಿಂತಿತು. ಯಾವ ಬ್ಯಾಂಕು ಎಂಬುದು ಮುಖ್ಯವಲ್ಲ. ನಿಯಮ ಅವರನ್ನೂ ಕಟ್ಟಿಹಾಕಿತ್ತು. ಹಣ ಅಕ್ರಮ ಕೈಗಳಿಗೆ ಹೋಗಬಾರದೆಂದು ಹೆಸರು, ಖಾತೆ, ಉದ್ದೇಶ ಎಲ್ಲ ತಾಳೆ ನೋಡಲೇಬೇಕು. ಓಣಿಯವರು ಕೈಸಾಲ ಹೊಂದಿಸಿ ಆಸ್ಪತ್ರೆಗೆ ಕಟ್ಟಿದರು. ಮುದುಕ ಬದುಕಿದರು. ಅಂದಿನಿಂದ ನಾನು ಪಾಸ್‌ಪೋರ್ಟ್ ಮಾಡಿಸಲು ಹೊರಟ ಪ್ರತಿ ಹುಡುಗನಿಗೂ ಮೊದಲು ಹೇಳಿದ್ದು ಒಂದೇ. ನಿನ್ನ ಹೆಸರಲ್ಲ, ನಿಮ್ಮವ್ವನ ಪಾಸ್‌ಬುಕ್ಕಿನ ಮೊದಲ ಪುಟವನ್ನು ಫೋಟೊ ತೆಗೆದುಕೊಂಡು ಹೋಗು. ಅಲ್ಲಿ ಹೇಗಿದೆಯೋ ಹಾಗೆಯೇ ಬರಿ, ಒಂದಕ್ಷರ ತಿದ್ದಬೇಡ.

ನೆಫ್ಟ್ ಬಂದ ಆಸುಪಾಸಿನ ವರ್ಷಗಳಲ್ಲಿ ನಮ್ಮ ಊರು ಗಣಿಯ ಹಣದಲ್ಲಿ ಮುಳುಗಿತ್ತು. 2003ರಿಂದ 2010ರವರೆಗೆ ಸಂಡೂರಿನ ಅದಿರು ಚೀನಾಕ್ಕೆ ಹೋದ ಕಾಲ. ಲಾರಿಗಳ ಕೆಂಪು ಧೂಳು ಹೊಸಪೇಟೆಯ ಗಿಡಮರಗಳ ಮೇಲೆ ಕೂತಿತ್ತು. ಲೆಟರ್ ಆಫ್ ಕ್ರೆಡಿಟ್, ಅಂದರೆ ಚೀನಾದ ಕೊಳ್ಳುಗನ ಪರವಾಗಿ ಅಲ್ಲಿನ ಬ್ಯಾಂಕು ಕೊಡುವ ಹಣದ ಭರವಸೆ, ಸ್ವಿಫ್ಟ್ ಸಂದೇಶವಾಗಿಯೇ ಬರುತ್ತಿತ್ತು. ಲಕ್ಷಾಂತರ ಡಾಲರಿನ ಸಂದೇಶವೊಂದು ಬಂದರೆ ಕಚೇರಿಯೆಲ್ಲ ಎದ್ದು ನಿಲ್ಲುತ್ತಿತ್ತು. ಕೋಡು, ಸ್ಪೆಲ್ಲಿಂಗು, ತಾರೀಕು, ಹಡಗಿನ ಹೆಸರು ಎಲ್ಲವನ್ನೂ ಇಬ್ಬರು ಮೂವರು ಪರೀಕ್ಷಿಸುತ್ತಿದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಕೊಟ್ಟಿತು. ದೊಡ್ಡ ಸಂದೇಶಗಳು ನಿಂತುಹೋದವು. ದಮ್ಮಾಮಿನಿಂದ, ಶಾರ್ಜಾದಿಂದ ಬರುವ ಇನ್ನೂರು ಮುನ್ನೂರು ಡಾಲರಿನ ಸಂದೇಶಗಳು ಮಾತ್ರ ನಿಲ್ಲಲಿಲ್ಲ. ಗಣಿಯ ಕಾಲದಲ್ಲಿ ಆ ದೊಡ್ಡ ಕಾಗದಗಳಿಗೆ ಸಿಕ್ಕ ಗಮನದ ಹತ್ತರಲ್ಲೊಂದು ಪಾಲು ಈ ಸಣ್ಣ ಕಾಗದಗಳಿಗೆ ಸಿಗಬೇಕಿತ್ತು ಎಂದು ನನಗೆ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಮನೆಮಂದಿಯ ಊಟ, ಮಕ್ಕಳ ಫೀಸು, ಅಜ್ಜಿಯ ಮಾತ್ರೆ ನಿಂತಿದ್ದದ್ದು ಈ ಸಣ್ಣ ಕಾಗದಗಳ ಮೇಲೆ.

ಹಂಪಿಯ ಕಡೆಯಿಂದ ಬರುತ್ತಿದ್ದವರದು ಬೇರೆ ಬಗೆ. ಗೆಸ್ಟ್‌ಹೌಸ್ ನಡೆಸುವವರು, ಗೈಡುಗಳು, ದೋಣಿಯವರು. ವರ್ಷವರ್ಷ ಬಂದು ತಿಂಗಳುಗಟ್ಟಲೆ ಇದ್ದು ಹೋದ ವಿದೇಶಿಯರು ಇವರ ಮಕ್ಕಳ ಓದಿಗೆ, ಮನೆಯ ಚಾವಣಿಗೆ ಹಣ ಕಳಿಸುತ್ತಿದ್ದರು. ಬಹುಪಾಲು ವೆಸ್ಟರ್ನ್ ಯೂನಿಯನ್ ಮೂಲಕ. ಹತ್ತು ಅಂಕಿಯ ಒಂದು ಸಂಖ್ಯೆ ಮತ್ತು ಗುರುತಿನ ಚೀಟಿ ಇದ್ದರೆ ಸಾಕು. 2001ರಿಂದ ಅಂಚೆ ಕಚೇರಿಗಳಲ್ಲೂ ಸಿಗತೊಡಗಿತು. ಅದರಲ್ಲಿ ಒಮ್ಮೆಗೆ 2,500 ಡಾಲರಿನ ಮಿತಿ, ವರ್ಷಕ್ಕೆ ಒಬ್ಬರಿಗೆ 30 ಬಾರಿ ಮಾತ್ರ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಹಂಪಿ ಬಳಿಯ ವಿರುಪಾಪುರ ಗಡ್ಡಿಯ ಹೋಟೆಲುಗಳನ್ನು ಕೆಡವಿದರು. ಆ ತಿಂಗಳ ಕೊನೆಗೆ ಲಾಕ್‌ಡೌನ್. ಒಂದೇ ತಿಂಗಳಲ್ಲಿ ಮನೆಯೂ ಹೋಗಿ ಗಿರಾಕಿಯೂ ಹೋದ ಜನ. ಆಗ ಹಳೆಯ ಅತಿಥಿಗಳು ದೂರದ ದೇಶಗಳಿಂದ ‘ನಿನ್ನ ಬ್ಯಾಂಕಿನ ಸ್ವಿಫ್ಟ್ ಕೋಡ್ ಕಳಿಸು’ ಎಂದು ಮೆಸೇಜು ಹಾಕಿದರು. ಹೊರಗೆ ಬರಲಾಗದ ಆ ದಿನಗಳಲ್ಲಿ ನಾನು ಫೋನಿನಲ್ಲೇ ಒಬ್ಬೊಬ್ಬರಿಗೂ ಅಕ್ಷರ ಅಕ್ಷರ ಹೇಳಿ ಬರೆಸಿದೆ.

ಅಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿತ್ತು. ಗೆಳೆಯನೊಬ್ಬ ಒಬ್ಬ ವ್ಯಕ್ತಿಗೆ ಕೊಡುವ ನೆರವು ಬೇರೆ, ಶಾಲೆಗೋ ಟ್ರಸ್ಟಿಗೋ ಬರುವ ವಿದೇಶಿ ದೇಣಿಗೆ ಬೇರೆ. ಎರಡನೆಯದಕ್ಕೆ ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಾಗೆಯೇ ಹೊರಗಿನಿಂದ ಬಂದ ಪ್ರತಿ ಹಣಕ್ಕೂ ಉದ್ದೇಶದ ಕೋಡ್ ಒಂದಿದೆ. ಹೊರದೇಶದಲ್ಲಿರುವ ಮಗ ಮನೆ ಖರ್ಚಿಗೆ ಕಳಿಸಿದರೆ ಅದು ಪಿ1301. ಬ್ಯಾಂಕು ಕೇಳಿದಾಗ ‘ಯಾವ ಹಣ’ ಎಂದು ತಿಳಿಯದೆ ಹೆದರಿ ಸುಮ್ಮನಾದವರ ಹಣ ಹಾಗೆಯೇ ಕಾಯುತ್ತದೆ.

ಬ್ಯಾಂಕುಗಳ ವಿಲೀನ ಬಂದದ್ದು ಇದರ ಆಸುಪಾಸಿನಲ್ಲೇ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಸ್‌ಬಿಐಗೆ ಸೇರಿದವು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿಗಳೂ ಸ್ವಿಫ್ಟ್ ಕೋಡೂ 2021ರ ಜುಲೈ 1ರಿಂದ ನಿಂತು, ಕೆನರಾ ಬ್ಯಾಂಕಿನ ಕೋಡುಗಳು ಬಂದವು. ಹಳ್ಳಿಗಳ ಗ್ರಾಮೀಣ ಬ್ಯಾಂಕು ತುಂಗಭದ್ರಾ ಗ್ರಾಮೀಣ ಎಂದಿದ್ದದ್ದು ಪ್ರಗತಿಯಾಯಿತು, ಪ್ರಗತಿ ಕೃಷ್ಣಾ ಆಯಿತು, ಕರ್ನಾಟಕ ಗ್ರಾಮೀಣವಾಯಿತು. ಪತ್ರಿಕೆಗಳಲ್ಲಿ ಪ್ರಕಟಣೆ ಬಂದಿತ್ತು, ಮೊಬೈಲಿಗೆ ಸಂದೇಶವೂ ಬಂದಿತ್ತು. ಆದರೆ ಆ ಸಂದೇಶ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಹಳೆಯ ಕೋಡೇ ಇತ್ತು. ಮಗನ ಮೊಬೈಲಿನಲ್ಲೂ ಅದೇ. ಕಂಪ್ಲಿ ಕಡೆಯ ಒಂದು ಮನೆಗೆ ಬರಬೇಕಿದ್ದ ಹಣ ಹಿಂದಕ್ಕೆ ಹೋಗಿ, ಶುಲ್ಕ ಕಳೆದು ಮಗನ ಖಾತೆಗೆ ಸೇರಿದ್ದು ಗೊತ್ತಾದಾಗ ಮದುವೆಯ ಚಪ್ಪರ ಹಾಕಿಯಾಗಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ನಾನು ಆ ಬೇಸಿಗೆಯಿಂದ ಮಳೆಗಾಲದವರೆಗೆ ಭೇಟಿಯಾದವರಿಗೆಲ್ಲ ಹೇಳಿದ್ದು ಚೀಟಿ ಬದಲಿಸಿ ಎಂಬ ಮಾತನ್ನೇ.

ಕೋಡ್ ಹೇಳಿದರೆ ಯಾರಾದರೂ ಹಣ ಲಪಟಾಯಿಸುತ್ತಾರೆಂದು ಹೆದರುವವರೂ ಇದ್ದಾರೆ. ಹೆದರಿಕೆಗೆ ಕಾರಣವಿಲ್ಲದಿಲ್ಲ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಗಣಕಗಳಿಗೆ ನುಗ್ಗಿದ ಕಳ್ಳರು ಸ್ವಿಫ್ಟ್ ಮೂಲಕ ಸುಳ್ಳು ಆದೇಶ ಕಳಿಸಿ 8.1 ಕೋಟಿ ಡಾಲರ್ ಎತ್ತಿದರು. ಶ್ರೀಲಂಕಾಕ್ಕೆ ಹೊರಟ ಇನ್ನೆರಡು ಕೋಟಿ ಡಾಲರ್ ಉಳಿದದ್ದು ಫೌಂಡೇಶನ್ ಎಂಬುದರ ಸ್ಪೆಲ್ಲಿಂಗ್ ತಪ್ಪಿದ್ದನ್ನು ಬ್ಯಾಂಕಿನವರು ಗಮನಿಸಿದ್ದರಿಂದ. 2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣ ಹೊರಬಂದಾಗ, ಸ್ವಿಫ್ಟ್ ಸಂದೇಶಗಳು ಬ್ಯಾಂಕಿನ ಲೆಕ್ಕದ ಗಣಕಕ್ಕೆ ಜೋಡಣೆಯಾಗದೆ ಇದ್ದದ್ದೇ ಮೋಸಕ್ಕೆ ದಾರಿಯಾಗಿತ್ತೆಂದು ತಿಳಿಯಿತು. ಎರಡನ್ನೂ ಜೋಡಿಸಲು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತು. ಇವೆಲ್ಲ ಬ್ಯಾಂಕಿನೊಳಗಿನ ಬೀಗಗಳ ವಿಷಯ. ಸ್ವಿಫ್ಟ್ ಕೋಡ್ ಗುಟ್ಟಲ್ಲ, ಯಾರು ಬೇಕಾದರೂ ನೋಡಬಹುದಾದ ವಿಳಾಸ. ಒಟಿಪಿ, ಪಿನ್, ಪಾಸ್‌ವರ್ಡ್ ಗುಟ್ಟು. ಹೊರದೇಶದಿಂದ ಹಣ ಬಂದಿದೆ, ಬಿಡಿಸಿಕೊಳ್ಳಲು ಮೊದಲು ಇಷ್ಟು ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಈ ವ್ಯತ್ಯಾಸವನ್ನು ನಾನು ಬ್ಯಾಂಕಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿ ಮದುವೆಮನೆಗಳಲ್ಲಿ, ಜಾತ್ರೆಯಲ್ಲಿ, ಬಸ್ಸಿನಲ್ಲಿ ಹೇಳಿದ್ದೇನೆ.

ಸಕ್ಕರೆ ಕಾರ್ಖಾನೆ ಮುಚ್ಚಿದೆ. ಈಗ ಚಿತ್ತವಾಡ್ಗಿಯ ಮಕ್ಕಳು ನರ್ಸ್ ಆಗಿ, ಎಂಜಿನಿಯರ್ ಆಗಿ ಹೋಗುತ್ತಾರೆ, ಓದಲೆಂದೂ ಹೋಗುತ್ತಾರೆ. ಹಣ ಇಲ್ಲಿಂದಲೂ ಹೊರಡುತ್ತದೆ. ಜರ್ಮನಿಗೆ ಓದಲು ಹೋಗುವವರು ವರ್ಷದ ಖರ್ಚಿಗೆಂದು 11,904 ಯೂರೋವನ್ನು ಮೊದಲೇ ಅಲ್ಲಿನ ಖಾತೆಯಲ್ಲಿ ತೋರಿಸಬೇಕು. ಆಗ ತಂದೆತಾಯಿ ಎ2 ಎಂಬ ಫಾರ್ಮ್ ತುಂಬಿ, ಅಲ್ಲಿನ ಬ್ಯಾಂಕಿನ ಐಬ್ಯಾನ್ ಮತ್ತು ಸ್ವಿಫ್ಟ್ ಕೋಡ್ ಬರೆಯಬೇಕು. ಕಳೆದುಹೋದ ಹಣವನ್ನು ಹುಡುಕುವುದೂ ಈಗ ಸುಲಭ. ಪ್ರತಿ ಸಂದೇಶಕ್ಕೂ ಯುಇಟಿಆರ್ ಎಂಬ 36 ಅಕ್ಷರಗಳ ಸಂಖ್ಯೆ ಇದೆ. ಅದನ್ನು ಕಳಿಸಿದವರಿಂದ ತರಿಸಿಕೊಟ್ಟರೆ ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಶಾಖೆಯವರು ನೋಡಿ ಹೇಳಬಲ್ಲರು. ಕೇಳುವುದು ಗೊತ್ತಿರಬೇಕು, ಅಷ್ಟೆ.

ವಿಶ್ವಬ್ಯಾಂಕಿನ ಲೆಕ್ಕದಂತೆ 2022ರಲ್ಲಿ ಭಾರತಕ್ಕೆ ಹೊರದೇಶದಲ್ಲಿರುವವರಿಂದ ಬಂದ ಹಣ 11,100 ಕೋಟಿ ಡಾಲರ್, ಜಗತ್ತಿನ ಯಾವ ದೇಶಕ್ಕೂ ಅಷ್ಟು ಬಂದಿಲ್ಲ. ಅದರಲ್ಲಿ ಚಿತ್ತವಾಡ್ಗಿಯ ಪಾಲು ಎಷ್ಟೇ ಇರಲಿ, ಆ ಪಾಲನ್ನು ಪಡೆಯುವ ತಾಯಿಗೆ ತನ್ನ ಹಣದ ದಾರಿ ತಿಳಿದಿರಬೇಕು. ಇದು ದಯೆಯಿಂದ ಹೇಳಿಕೊಡುವ ವಿಷಯವಲ್ಲ, ಆಕೆಗೆ ಸಲ್ಲಬೇಕಾದದ್ದು. ಪ್ರತಿ ಶಾಖೆಯೂ ಕೇಳಿದವರಿಗೆ ಕನ್ನಡದಲ್ಲಿ ಅಚ್ಚು ಮಾಡಿದ ಒಂದು ಹಾಳೆ ಕೊಡಬೇಕು. ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಹೆಸರು, ಖಾತೆ ನಂಬರ್, ಶಾಖೆಯ ಐಎಫ್‌ಎಸ್‌ಸಿ, ಹಣ ಪಡೆಯಲು ಬಳಸಬೇಕಾದ ಸ್ವಿಫ್ಟ್ ಕೋಡ್, ಉದ್ದೇಶದ ಕೋಡ್, ಶುಲ್ಕದ ಮೂರು ಆಯ್ಕೆಗಳ ಅರ್ಥ. ಆರು ಸಾಲು. ಕೋಡ್ ಬದಲಾದ ದಿನ ಹಾಳೆಯೂ ಬದಲಾಗಬೇಕು. ಬ್ಯಾಂಕುಗಳು ಅದನ್ನು ಮಾಡುವವರೆಗೆ, ಹೊರದೇಶಕ್ಕೆ ಹೊರಟ ಪ್ರತಿ ಮಗನೂ ಮಗಳೂ ಹೊರಡುವ ಮುನ್ನ ತಾಯಿಯ ಪಕ್ಕದಲ್ಲಿ ಕುಳಿತು ಆ ಆರು ಸಾಲುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಆಕೆಗೆ ಓದಿ ಹೇಳಿ, ಒಂದು ಪ್ರತಿ ಮನೆಯಲ್ಲಿಟ್ಟು ಹೋಗಲಿ. ಬರೆಯಲು ಬಾರದಿದ್ದರೆ ನಮ್ಮ ಮನೆಗೆ ಬರಲಿ. ನಾನಿನ್ನೂ ಚಿತ್ತವಾಡ್ಗಿಯಲ್ಲೇ ಇದ್ದೇನೆ.